ನಾಲ್ಕು ಕಾಲಿನ ಸುಳ್ಳು ಸುದ್ದಿಗಳು

ಶಹಾಪುರದಲ್ಲಿ ನಾನು ಒಂದು ಸಣ್ಣ ದಿನಪತ್ರಿಕೆಯ ವರದಿಗಾರ. ಕಾಲುವೆ ನೀರು, ಹತ್ತಿಯ ದರ, ರಸ್ತೆಯ ತಗ್ಗು, ಎಲ್ಲವನ್ನೂ ತಕ್ಕಮಟ್ಟಿಗೆ ಸರಿಯಾಗಿಯೇ ಬರೆದಿದ್ದೇನೆ. ಅದು ಯಾರಿಗೂ ನೆನಪಿಲ್ಲ. ದುಡಿಯುವ ಎತ್ತು-ಕತ್ತೆಗಳ ವಿಷಯ ಬಂದಾಗ ಮಾತ್ರ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗುತ್ತದೋ, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಚಹಾದಂಗಡಿಯಲ್ಲಿ ಜನ ಕೇಳುವುದೂ ಅದನ್ನೇ.

ಕಸ ಹೊರುವ ಕತ್ತೆ

ಸುರಪುರದ ಗೆಳೆಯನೊಬ್ಬ ಫೋನ್ ಮಾಡಿದ. "ನಮ್ಮೂರ ಗುಡ್ಡದ ಓಣಿಗೆ ಕಸದ ಗಾಡಿ ಹತ್ತವಲ್ದು. ಮುಂದಿನ ತಿಂಗಳಿಂದ ಕತ್ತಿ ಮ್ಯಾಲ ಕಸ ಒಯ್ತಾರಂತ. ಕತ್ತಿ ಇದ್ದವರು ಹೆಸರು ಕೊಡಬೇಕಂತ."

ಆ ಏರು ಓಣಿಗಳಲ್ಲಿ ನನ್ನ ಬೈಕೇ ಏದುಸಿರು ಬಿಡುತ್ತದೆ. ನಂಬದಿರಲು ಕಾರಣವೇ ಕಾಣಲಿಲ್ಲ. ಯಾರನ್ನೂ ವಿಚಾರಿಸದೆ ಬರೆದು ಕಳಿಸಿದೆ. ಆವತ್ತು ಏಪ್ರಿಲ್ ಒಂದು ಎಂದು ಹೊಳೆದದ್ದು ಮರುದಿನ, ಪತ್ರಿಕೆ ಮನೆಮನೆ ಮುಟ್ಟಿದ ಮೇಲೆ. ಒಳ್ಳೆಯ ಜಾಗದಲ್ಲೇ ಹಾಕಿದ್ದರು. ಎಡಕ್ಕೆ ಒಂದು ಕತ್ತೆಯ ಚಿತ್ರ, ಬಲಕ್ಕೆ ವರದಿಗಾರನೆಂದು ನನ್ನ ಚಿತ್ರ.

ಮುಂದೆ ಸುರಪುರಕ್ಕೆ ಹೋದಾಗ, ಕತ್ತೆ ಸಾಕಿದ ಮುದುಕಿಯೊಬ್ಬಳು ಪತ್ರಿಕೆ ಹಿಡಿದು ಅಡ್ಡ ಬಂದಳು.

"ಆ ಸುದ್ದಿ ಸುಳ್ಳೈತಿ ಆಯಿ, ತಪ್ಪಾತು" ಎಂದೆ.

"ಸುಳ್ಳಾದ್ರ ಸುಳ್ಳಾಗ್ಲಿ. ಆದ್ರ ಇದನ್ಯಾಕ ಹಾಕೀರಿ? ಇದು ನಮ್ಮೂರಿಂದಲ್ಲ. ನಮ್ಮವು ಇದಕ್ಕಿಂತ ಛಲೋ ಅದಾವ. ಮಾರಿಯಾಗ ಕಳಿ ಐತಿ."

ಅವಳ ಬೆರಳು ಯಾವ ಚಿತ್ರದ ಮೇಲಿತ್ತೋ, ನಾನು ಬಗ್ಗಿ ನೋಡಲಿಲ್ಲ.

ಎತ್ತಿನ ಸೂಟಿ

ಇನ್ನೊಮ್ಮೆ ಮೊಬೈಲಿಗೆ ಒಂದು ಆದೇಶ ಬಂತು. ಉಳುವ ಎತ್ತುಗಳಿಗೆ ಸೋಮವಾರ ಕಡ್ಡಾಯ ರಜೆ, ಬಿಸಿಲೇರಿದ ಮೇಲೆ ದುಡಿಸಿದರೆ ದಂಡ. ಗುಂಡನೆಯ ಮೊಹರು, ಕೆಳಗೊಂದು ಸಹಿ. ಸಹಿಯನ್ನು ಎಷ್ಟು ತಿರುಗಿಸಿ ನೋಡಿದರೂ ಓದಲಾಗಲಿಲ್ಲ. ಹಾಗಾಗಿ ಇದು ನಿಜವಾದ ಸರ್ಕಾರಿ ಕಾಗದವೇ ಎಂದು ನನಗೆ ಖಾತ್ರಿಯಾಯಿತು.

ಆದರೂ ಈ ಸಲ ಹುಷಾರಾಗಿ, ಕಕ್ಕೇರಾದ ಪರಿಚಯದ ರೈತನ ಮನೆಗೇ ಹೋಗಿ ಅಭಿಪ್ರಾಯ ಕೇಳಿದೆ.

"ಸೋಮವಾರ ನಮ್ಮಪ್ಪನೂ ಎತ್ತು ಹೂಡಿಲ್ಲ, ಅವರಪ್ಪನೂ ಹೂಡಿಲ್ಲ" ಎಂದ ಅವನು. "ಬಸವಣ್ಣನ ವಾರ ಅದು. ಇನ್ನ ಸುಡು ಬಿಸಲಾಗ ಹೂಡಾಕ ನಮಗರ ಎಲ್ಲಿ ತಾಕತ್ತೈತ್ರಿ? ಇದರಾಗ ಹೊಸಾದೇನೈತಿ?"

"ಹಂಗಾದ್ರ ಸ್ವಾಗತ ಮಾಡ್ತೀರಿ ಅಂತ ಬರ್ಕೊಳ್ಳಲೇನ್ರಿ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಅಲ್ಲಿಂದಲೇ ಕೇಳಿದಳು: "ಎತ್ತಿಂದಾತು. ಆ ಎತ್ತಿಗೆ ಹಿಂಡಿ ಕಲಸಾಕಿಗೆ ಯಾ ವಾರ ಸೂಟಿ ಐತಿ, ಅದರಾಗ ನೋಡ್ರಿ."

ನಾನು ಆದೇಶವನ್ನು ಮೇಲಿನಿಂದ ಕೆಳಗೆ ಮತ್ತೆ ಓದಿ, "ಇದರಾಗ ಇಲ್ರಿ ಅಕ್ಕಾರ" ಎಂದೆ.

"ಇಲ್ಲಂದ್ರ ಖರೇನ ಸರ್ಕಾರದ್ದಿರಬೇಕು ಬಿಡ್ರಿ."

ಆ ಮಾತಿನಿಂದ ನನ್ನ ನಂಬಿಕೆ ಇನ್ನೂ ಗಟ್ಟಿಯಾಯಿತು. ಮರುದಿನ ಸುದ್ದಿ ಬಂತು. ಅದರ ಮರುದಿನ ಸುದ್ದಿ ಸುಳ್ಳೆಂಬ ಸುದ್ದಿ ಬಂತು. ಎರಡನ್ನೂ ಬರೆದವನು ನಾನೇ.

ಮಾಳಿಗೆಯ ಮೇಲೆ

ಯಾದಗಿರಿಯ ಕಚೇರಿಗೆ ಕರೆಸಿ ಸಂಪಾದಕರು ಹೇಳಿದರು: "ಇನ್ನೊಂದು ಸುಳ್ಳು ಸುದ್ದಿ ಬಂದ್ರ ನೀವು ಮನ್ಯಾಗ ಇರ್ರಿ." ಅಂದಿನಿಂದ ನಾನು ಯಾರನ್ನೂ ನಂಬುವುದನ್ನೇ ಬಿಟ್ಟೆ.

ಒಂದು ಮಧ್ಯಾಹ್ನ ಭೀಮರಾಯನಗುಡಿಯಲ್ಲಿ ಕಾಲುವೆ ನೀರಿನ ಸಭೆಯಲ್ಲಿದ್ದೆ. ಪಕ್ಕದ ಮನೆಯವರ ಫೋನ್ ಬಂತು.

"ಸರ, ನಮ್ಮ ಮನಿಗೆ ಮೇವು ತಂದ ಬಂಡಿ ಎತ್ತು ಬಿಚ್ಚಿಕೊಂಡು ಮಾಳಿಗಿ ಹತ್ತೇತ್ರಿ."

"ಯಾರ ಮಾಳಿಗಿ?"

"ನಿಮ್ಮದ ರೀ."

ಎಷ್ಟು ಅಚ್ಚುಕಟ್ಟಾದ ಸುಳ್ಳು ಎನಿಸಿತು. "ಏಪ್ರಿಲ್ ಬರೋತನಕ ತಡೀರಿ" ಎಂದು ಫೋನಿಟ್ಟೆ.

ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನ್. "ಒಣಗಾಕ ಹಾಕಿದ ಜ್ವಾಳ ತಿನ್ನಾಕತ್ತೈತಿ. ಜಲ್ದಿ ಬರ್ರಿ." ದನಿ ನಡುಗುತ್ತಿತ್ತು. ಇವಳಿಗೆ ಇಷ್ಟು ಚೆನ್ನಾಗಿ ನಟಿಸಲು ಬರುತ್ತದೆ ಎಂದು ಗೊತ್ತೇ ಇರಲಿಲ್ಲ.

"ನೀನೂ ಅವರ ಕೂಡ ಸೇರಿದ್ಯಾ?" ಎಂದೆ.

"ನಿಮ್ಮ ಕೂಡ ಸೇರಿದ್ದ ತಪ್ಪಾತು" ಎಂದು ಅವಳೇ ಫೋನಿಟ್ಟಳು.

ಆಮೇಲೆ ಗುರುತಿಲ್ಲದ ನಂಬರಿನಿಂದ ಯಾರೋ ಒಬ್ಬರು ಅದೇ ಎತ್ತಿನ ಬಗ್ಗೆ ವಿಚಾರಿಸಿದರು. ಸುಳ್ಳು ಸುದ್ದಿ ಹಬ್ಬಿಸುವುದರಿಂದ ಸಮಾಜಕ್ಕೆ ಏನೇನು ಹಾನಿ ಎಂದು ಅವರಿಗೆ ಸಾವಕಾಶವಾಗಿ ತಿಳಿಹೇಳಿದೆ.

ಸಂಜೆ ಮನೆಗೆ ಹೋದರೆ ಓಣಿ ತುಂಬ ಜನ. ಎತ್ತಿನ ಒಡೆಯ ಹಸಿ ಮೇವು ತೋರಿಸುತ್ತ, ಎತ್ತನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದ. ಬರಿದಾದ ತಾಡಪತ್ರಿ ಮಡಚುತ್ತಿದ್ದ ಹೆಂಡತಿ ನನ್ನ ಕಡೆ ನೋಡಲೇ ಇಲ್ಲ. ಎತ್ತು ಮಾತ್ರ ಕಣ್ತುಂಬ ನೋಡಿತು.

ಮರುದಿನ ಎಲ್ಲ ಪತ್ರಿಕೆಗಳಲ್ಲೂ ನಮ್ಮ ಮಾಳಿಗೆಯ ಚಿತ್ರವಿತ್ತು, ನಮ್ಮ ಪತ್ರಿಕೆಯೊಂದನ್ನು ಬಿಟ್ಟು. ಬೆಳಿಗ್ಗೆಯೇ ಸಂಪಾದಕರು ಫೋನ್ ಮಾಡಿದರು. ಬೈಯಲಿಲ್ಲ. ಬೇರೆ ಪತ್ರಿಕೆಯೊಂದರ ವರದಿಯ ಕೊನೆಯ ಸಾಲನ್ನು ಮೆಲ್ಲಗೆ ಓದಿ ಹೇಳಿದರು:

"ಈ ಕುರಿತು ಮನೆಯ ಮಾಲೀಕರನ್ನು ಸಂಪರ್ಕಿಸಿದಾಗ, ಇದೆಲ್ಲ ಶುದ್ಧ ಸುಳ್ಳು ಎಂದು ಅವರು ಸ್ಪಷ್ಟಪಡಿಸಿದರು."