ಕುಣಿಮಗ್ಗದೊಳಗಿನ ಜರಿಗಿಡ

ಯಾವ ತಪ್ಪಿಗೂ ಹೊಣೆಗಾರರ ಹೆಸರನ್ನು ಲಿಖಿತವಾಗಿ ಕೇಳುವುದು ವಿಶ್ವವಿದ್ಯಾಲಯ ನನಗೆ ಹತ್ತಿಸಿದ ಚಟ. ಸಸ್ಯಶಾಸ್ತ್ರದ ಪದವಿಗಿಂತ ಅದನ್ನೇ ಹೆಚ್ಚು ಬಳಸಿದ್ದೇನೆ. ನಮ್ಮ ಗುಳೇದಗುಡ್ಡದ ಅಂಚೆಯಣ್ಣ ನನ್ನನ್ನು ಕಂಡರೆ ಸೈಕಲ್ ತಿರುಗಿಸುತ್ತಾನೆ. ಆದರೆ ಈ ಸಲದ ಸಂಗತಿ ನಗುವಂಥದ್ದಲ್ಲ. ಬಾದಾಮಿಯ ಕೆಂಪು ಬಂಡೆಗಳ ನಡುವೆ, ವರ್ಷವಿಡೀ ನೀರು ಜಿನುಗುವ ಒಂದು ಬಿರುಕಿನಲ್ಲಿ ಜರಿಗಿಡಗಳ, ಅಂದರೆ ಫರ್ನ್‌ಗಳ, ಗುಂಪೊಂದಿತ್ತು. ಅವುಗಳ ಬಂಧುಬಳಗವೆಲ್ಲ ಪಡುವಣದ ತೇವದ ಕಾಡುಗಳಲ್ಲಿ; ಈ ಬಿಸಿಲುನಾಡಿನಲ್ಲಿ ಅವಕ್ಕಿದ್ದ ಆಸ್ತಿ ಅಂಗೈಯಗಲದ ತಂಪು. ಸ್ವಚ್ಛತೆಯ ಗುತ್ತಿಗೆ ಹಿಡಿದವರು ಅವನ್ನು ಪಾಚಿಯೆಂದು ಬಗೆದು, ಬಂಡೆ ಹೊಳೆಯುವಂತೆ ಕೆರೆದರು. ಉಳಿದದ್ದು ಒಂದೇ ಬುಡ.

ಅದನ್ನು ಮನೆಗೆ ತಂದೆ. ನಮ್ಮ ಮನೆಯಲ್ಲಿ ತಂಪಿರುವುದು ಅಪ್ಪನ ಕುಣಿಮಗ್ಗದಲ್ಲಿ ಮಾತ್ರ. ನೆಲ ತೋಡಿದ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ಕುಪ್ಪಸದ ಖಣ ನೇಯುತ್ತಾನೆ. ಕುಂಡವನ್ನು ಅಲ್ಲೇ ಮೂಲೆಗಿಟ್ಟೆ. "ನನ್ನ ಕಾಲಿಗೆ ಜಾಗಾ ಇಲ್ಲ, ಇದಕ್ಕ ಹಾಸಿಗಿ ಹಾಸಿದಿ," ಎಂದು ಗೊಣಗುತ್ತಲೇ ಅಪ್ಪ ಕಾಲು ಸರಿಸಿಕೊಂಡ. ಕೆಲವು ವಾರಗಳಲ್ಲಿ ಎಲೆಗಳ ಬೆನ್ನಿಗೆ ಕಂದು ಚುಕ್ಕಿಗಳು ಮೂಡಿದವು. ಹೂವೂ ಬೀಜವೂ ಇಲ್ಲದ ಈ ಗಿಡದ ಮುಂದಿನ ಪೀಳಿಗೆಯೆಲ್ಲ ಆ ಚುಕ್ಕಿಗಳಲ್ಲೇ ಇರುತ್ತದೆ. ಅವು ಮಾಗಿದರೆ ಬಂಡೆಯ ಬಿರುಕು ಮತ್ತೆ ಹಸಿರಾಗಬಹುದು. ಇದನ್ನೆಲ್ಲ ಅರ್ಜಿಯ ನಾಲ್ಕನೆಯ ಪುಟದಲ್ಲಿ ವಿವರವಾಗಿ ಬರೆದು, ಆ ಗುತ್ತಿಗೆ ಕೊಟ್ಟಿದ್ದ ಬಾದಾಮಿಯ ಕಚೇರಿಗೆ ಹೋದೆ.

"ಗೊತ್ತಿಲ್ದ ಕೆರದಾರ್ರಿ ಮೇಡಂ. ಯಾರರ ಹೇಳಿದ್ರ ಬಿಡ್ತಿದ್ರು," ಎಂದರು ಅಧಿಕಾರಿ.

"ಗೊತ್ತಿಲ್ಲ ಅನ್ನೋದು ಉತ್ತರ ಅಲ್ರಿ. ಹೊಣೆಗಾರರ ಹೆಸರು ಬರದು ಕೊಡ್ರಿ. ಎಷ್ಟು ದಿನದಾಗ ಕೊಡ್ತೀರಿ?"

ಗೆದ್ದವಳಂತೆ ಮನೆಗೆ ಬಂದರೆ, ಅವ್ವ ಕುಣಿಯ ಅಂಚಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನೂಲಿನ ಮೇಲೆ ಗಂಟು ಕಂಡರೆ ಸುಮ್ಮನಿರದ ಕೈ ಅವಳದು. "ಹುಳ ಹತ್ತಿದ್ದುವವಾ. ಒಂದೊಂದ ಎಲಿ ಹೊಳ್ಳಿಸಿ ಉಗರಿಲೆ ಕೆರದು ತಗದೇನಿ ನೋಡು, ಹೆಂಗ ಸ್ವಚ್ಛ ಆಗೇತಿ!"

"ಯಾರನ್ನ ಕೇಳಿ ಕೆರದಿ?" ಎಂದು ಚೀರಿದೆ. "ಅದು ಹುಳ ಅಲ್ಲಬೇ, ಅದರ ಬೀಜಾ ಇದ್ದಂಗ!"

ಅವ್ವ ಉಗುರಿಗೆ ಅಂಟಿದ್ದ ಕಂದು ಪುಡಿಯನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು. "ಗೊತ್ತಿದ್ದಿಲ್ಲವಾ. ನೀ ಒಂದ ಮಾತು ಹೇಳಿದ್ದಿ ಏನು?"

ಮಗ್ಗ ನಿಂತಿತು. ಉತ್ತರಕ್ಕಾಗಿ ಅಪ್ಪನೂ ಕತ್ತೆತ್ತಿದ.

ಮರುದಿನ ಕಚೇರಿಗೆ ಹೋಗಿ, ಹೊಣೆಗಾರರ ಪಟ್ಟಿಗೆ ಸೇರಿಸಲು ಒಂದು ಹೆಸರು ಬರೆದುಕೊಟ್ಟೆ.

"ಇವರು ಯಾವ ಗುತ್ತಿಗಿದಾರರ್ರಿ?"

"ನಾನ್ರಿ."

ಅಧಿಕಾರಿ ಮೊದಲ ಬಾರಿಗೆ ನನ್ನತ್ತ ಕುರ್ಚಿ ಸರಿಸಿದರು. "ಕುಂದರ್ರಿ. ಉತ್ತರ ಎಷ್ಟು ದಿನದಾಗ ಕೊಡ್ತೀರಿ?"

ಇನ್ನೂ ಕೊಟ್ಟಿಲ್ಲ. ಮತ್ತೆ ಚುಕ್ಕಿ ಮೂಡಲೆಂದು ಕಾಯುತ್ತಿದ್ದೇನೆ.