ಜುಂಬರ್ ಮೇಷ್ಟ್ರ ಕಾರಿನ ಎಡಮಗ್ಗುಲು

ಸತ್ತವನು ಗ್ಯಾರೇಜಿನ ಗೆಲಾನ ಸೋದರಮಾವ, ಮಾನ ಹೋದದ್ದು ಮಾತ್ರ ಜುಂಬರ್ ಮೇಷ್ಟ್ರದು. ಗೆಲಾ ಬೆಳಿಗ್ಗೆಯೇ ಗ್ಯಾರೇಜಿಗೆ ಬೀಗ ಜಡಿದು ಸಾವಿನ ಮನೆ ಊಟಕ್ಕೆ ಹೊರಟುಬಿಟ್ಟ. ಪೋತಿ ಬಂದರಿನಿಂದ ಮೇಷ್ಟ್ರ ಕಾರು ಹೊತ್ತು ತಂದ ಲಾರಿ ಡ್ರೈವರ್ ಆ ಬೀಗ ನೋಡಿದ, ರಸೀತಿಯ ಮೇಲಿದ್ದ ಮನೆ ವಿಳಾಸ ನೋಡಿದ, ನೆಟ್ಟಗೆ ಕುತಾಯಿಸಿ ಊರಿನಲ್ಲಿ ಮೇಷ್ಟ್ರಿದ್ದ ಐದಂತಸ್ತಿನ ವಠಾರಕ್ಕೆ ಬಂದು ಅಂಗಳದ ನಡುವೆ ಇಳಿಸಿದ.

ಅದೂ ಯಾವತ್ತು? ಮೇಷ್ಟ್ರ ಮಗಳು ನೆಸ್ತಾನಳ ನಿಶ್ಚಿತಾರ್ಥದ ದಿನ. ಬೀಗರು ಮಧ್ಯಾಹ್ನಕ್ಕೆ ಬರುವವರಿದ್ದರು.

ತಪ್ಪು ಮೇಷ್ಟ್ರದೇ ಬಿಡಿ. ಚಳಿಗಾಲದಲ್ಲಿ ಹುಡುಗನ ಅಪ್ಪ ವರ್ಲಾಮ್, "ಮದುವೆಗೆ ಮಗನಿಗೊಂದು ಹೊಸಾ ಕಾರು ಕೊಡಿಸ್ತೀನಿ" ಅಂದಿದ್ದ. ಸಂಗೀತ ಶಾಲೆಯಲ್ಲಿ ಅಕಾರ್ಡಿಯನ್ ಕಲಿಸುವ ಈ ಬಡಪಾಯಿ ಸುಮ್ಮನಿರಬೇಕೋ ಬೇಡವೋ? "ನಾನೂ ಅಮೆರಿಕದಿಂದ ಒಂದು ತರಿಸ್ತಾ ಇದ್ದೀನಿ. ಒಂದು ಗೀರೂ ಇರಲ್ಲ" ಅಂದುಬಿಟ್ಟರು.

ಆಡಿದ ಮೇಲೆ ತರಿಸಲೇಬೇಕಲ್ಲ. ಮೇಷ್ಟ್ರ ಕೈಗೆ ಎಟುಕಿದ್ದು ಅಮೆರಿಕದ ಜಖಂ ಕಾರುಗಳ ಆನ್‌ಲೈನ್ ಹರಾಜು. ಅಲ್ಲಿ ನೇರವಾಗಿ ಕೂಗುವ ಹಾಗಿಲ್ಲ, ಪರವಾನಗಿ ಇದ್ದ ದಲ್ಲಾಳಿಯೇ ಕೂಗಬೇಕು. ಫೋಟೋ ನೋಡಿದ್ದೇ ಗಾಡಿ ನೋಡಿದ್ದು. 'ಓಡುತ್ತದೆ' ಅಂತ ಬರೆದಿದ್ದರೆ ಹರಾಜಿನವರ ಅಂಗಳಕ್ಕೆ ಬಂದ ದಿನ ಓಡಿತ್ತು ಅಂತ ಅರ್ಥ, ಅಷ್ಟೇ. ಕೂಗಿ ಗೆದ್ದ ಮೇಲೆ ವಾಪಸ್ಸಿಲ್ಲ, ದೂರಿಲ್ಲ. ಮೇಷ್ಟ್ರು ಎಲ್ಲಕ್ಕೂ ಒಪ್ಪಿ, ಯಾವನೋ ಹಟಮಾರಿಯ ಎದುರು ಏರಿಸಿ ಏರಿಸಿ, ಕಾರು ಗೆದ್ದರು. ಬಲಮಗ್ಗುಲು ಮದುಮಗಳ ಕೆನ್ನೆ, ಎಡಮಗ್ಗುಲು ತುಳಿದ ಡಬ್ಬ. ಯಾರ ಕಣ್ಣಿಗೂ ಬೀಳದ ಹಾಗೆ ಗೆಲಾ ರಿಪೇರಿ ಮಾಡಿಕೊಡಬೇಕು ಅನ್ನುವುದು ಅವರ ಲೆಕ್ಕಾಚಾರ.

"ದಮ್ಮಯ್ಯ, ವಾಪಸ್ ತಗೊಂಡ್ಹೋಗಪ್ಪಾ" ಅಂದರು ಮೇಷ್ಟ್ರು.

"ಎಲ್ಲಿಗೆ? ಅಮೆರಿಕಕ್ಕಾ?" ಅಂದ ಡ್ರೈವರ್, ದ್ರಾಕ್ಷಿ ಚಪ್ಪರದ ಕೆಳಗೆ ಡಾಮಿನೋ ಆಡುತ್ತಿದ್ದ ಗುರಾಮ್ ಚಾಚಿದ ವೈನ್ ಲೋಟ ತೆಗೆದುಕೊಳ್ಳುತ್ತಾ.

ಗುರಾಮ್ ಕಾರನ್ನು ಒಂದು ಸುತ್ತು ಹಾಕಿ ಬಂದ. "ಏನ್ ಮೇಷ್ಟ್ರೇ, ಇದು ಅಮೆರಿಕದಿಂದ ಬಂತಾ, ಯುದ್ಧದಿಂದ ಬಂತಾ?"

"ಮೆತ್ತಗೆ ಮಾತಾಡೋ ಮಾರಾಯ. ಬೀಗರು ಬರ್ತಾರೆ."

"ಹಾಗಾದ್ರೆ ಹಾಳು ಮಗ್ಗುಲನ್ನ ಗೋಡೆಗೆ ತಿರುಗಿಸಿ."

ಕೀಲಿ ಬಂದಿರಲಿಲ್ಲ. ಅಂಗಳಕ್ಕೆ ಅಂಗಳವೇ ಸೇರಿ ನೂಕಿತು. ಮೂರನೇ ಮಹಡಿಯ ಜುಜುನಾ ಅಜ್ಜಿ ಬಾಲ್ಕನಿಯಿಂದಲೇ "ಎಡಕ್ಕೆ, ಅಯ್ಯೋ ನಿನ್ನ ಎಡಕ್ಕಲ್ಲ, ನನ್ನ ಎಡಕ್ಕೆ" ಅಂತ ದಾರಿ ತೋರಿಸಿದಳು. ನೂಕಿದ ರಭಸಕ್ಕೆ ಕಾರಿನ ಕಳ್ಳರ ಅಲಾರಾಂ ಎಚ್ಚೆತ್ತು ಬೊಬ್ಬೆ ಹೊಡೆಯತೊಡಗಿತು. ಅದರ ಬಾಯಿ ಮುಚ್ಚಿಸಲು ಅಜ್ಜಿ ತನ್ನ ಜಮಖಾನೆಯನ್ನೇ ಮೇಲಿನಿಂದ ಎಸೆದಳು. ಅದು ಮೇಷ್ಟ್ರ ತಲೆ ಮೇಲೆ ಬಿತ್ತು. ಜಮಖಾನೆ ಸರಿಸಿ ಕಣ್ಣು ಬಿಟ್ಟರೆ ಎದುರಿಗೆ ಟ್ಯಾಕ್ಸಿ, ಅದರಿಂದ ಕೇಕಿನ ಡಬ್ಬ ಹಿಡಿದು ಇಳಿಯುತ್ತಿರುವ ವರ್ಲಾಮ್.

"ಇದೇನಾ ಆ ಕಾರು?" ಅಂದ ವರ್ಲಾಮ್. ಡಬ್ಬವನ್ನು ಹೆಂಡತಿಯ ಕೈಗಿತ್ತು, ದೊಡ್ಡ ಹೊಟ್ಟೆಯನ್ನು ಒಳಗೆಳೆದುಕೊಂಡು, ಗೋಡೆಗೂ ಕಾರಿಗೂ ನಡುವೆ ತೂರಿಕೊಂಡ.

ಮೇಷ್ಟ್ರು ಹಿಂದೆಯೇ ತೂರಿದರು. ತನ್ನ ಬಾಯಿಬಡುಕುತನಕ್ಕೆ ಮಗಳ ಸಂಬಂಧ ಮುರಿದರೆ ಯಾವ ಮುಖ ಹೊತ್ತುಕೊಂಡು ಮನೆಗೆ ಹೋಗುವುದು?

"ಸುಳ್ಳು ಹೇಳಿದೆ ವರ್ಲಾಮ್. ಇದು ಹರಾಜಿನ ಜಖಂ ಮಾಲು. ನನ್ನ ತಪ್ಪನ್ನ ಹುಡುಗಿ ತಲೆಗೆ ಕಟ್ಟಬೇಡ."

ವರ್ಲಾಮ್ ಅಪ್ಪಚ್ಚಿಯಾದ ಬಾಗಿಲನ್ನೇ ನೋಡುತ್ತಿದ್ದ. "ಹಿಂದಿನ ಸೀಟಲ್ಲಿ ಹಳದಿ ಛತ್ರಿ ಬಿದ್ದಿರಬೇಕಲ್ಲ?"

ಮೇಷ್ಟ್ರು ಬಗ್ಗಿ ನೋಡಿದರು. ಇತ್ತು. "ನಿನಗೆ ಹೇಗೆ ಗೊತ್ತು?"

"ಫೋಟೋದಲ್ಲಿತ್ತಲ್ಲ. ಇದಕ್ಕೆ ನಾನೂ ಕೂಗಿದ್ದೆ ಕಣಯ್ಯ. ಯಾವನೋ ಕತ್ತೆ ಬಿಡದೆ ಏರಿಸ್ತಾನೇ ಇದ್ದ." ಅವನ ದನಿ ತಗ್ಗಿತು. "ಕೊನೆಗೆ ಇದೇ ಜಾತಿಯ ಇನ್ನೊಂದು ತಗೊಂಡೆ. ಅದರ ಬಲಮಗ್ಗುಲು ಹೀಗೇ ಇದೆ. ಮಗನ ಹೊಸಾ ಕಾರು ಅಂದ್ರೆ ಅದೇ. ಬಾಗಿಲು ಸಿಗದೆ ಶೆಡ್ಡಲ್ಲಿ ಕೂತಿದೆ."

ಆಮೇಲೆ ವರ್ಲಾಮನ ಕಣ್ಣು ಕಾರಿನ ಗೀರಿಲ್ಲದ ಬಲಮಗ್ಗುಲಿನ ಕಡೆ ಮೆಲ್ಲಗೆ ಹೊರಳಿತು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅವನು ಹೊರಗೆ ತೂರಿ ಅಂಗಳದ ನಡುವೆ ನಿಂತಿದ್ದ.

"ಕೇಳಿ ಎಲ್ಲರೂ. ಮಾವ ಅಂದ್ರೆ ಹೀಗಿರಬೇಕು. ಅಳಿಯನ ಕಾರಿಗೆ ಬಾಗಿಲು ಸಿಕ್ಕಿಲ್ಲ ಅಂತ ಒಂದು ಇಡೀ ಕಾರನ್ನೇ ಬಿಡಿಭಾಗಕ್ಕೆ ತರಿಸಿದ್ದಾನೆ. ಒಬ್ಬರ ಹತ್ರನೂ ಹೇಳಿಕೊಂಡಿಲ್ಲ."

ಅಂಗಳ ಚಪ್ಪಾಳೆ ತಟ್ಟಿತು. ಜುಜುನಾ ಅಜ್ಜಿ ಕಣ್ಣೊರೆಸಿಕೊಂಡಳು. ಗುರಾಮ್, "ಮೊದಲೇ ಹೇಳಬಾರದಿತ್ತಾ ಮೇಷ್ಟ್ರೇ" ಅಂತ ಕೈಗೊಂದು ಲೋಟ ಹಿಡಿಸಿದ. ಅಲ್ಲ ಅಂದರೆ ಇಬ್ಬರ ಮಾನವೂ ಹೋಗುತ್ತದೆ, ಹೌದು ಅಂದರೆ ಕಾರು ಹೋಗುತ್ತದೆ. ಮೇಷ್ಟ್ರು ಹೌದು ಅಂದರು.

ಡ್ರೈವರ್ ಲೋಟ ಖಾಲಿ ಮಾಡಿ ಎದ್ದ. ಇನ್ನೂ ಕಿರುಚುತ್ತಲೇ ಇದ್ದ ಕಾರನ್ನು ಮತ್ತೆ ಲಾರಿಗೇರಿಸಿ, ವರ್ಲಾಮ್ ಹೇಳಿದ ಶೆಡ್ಡಿನ ಕಡೆ ಹೊರಟ.

ಗದ್ದಲಕ್ಕೆ ಕೆಳಗಿಳಿದು ಬಂದಿದ್ದ ನೆಸ್ತಾನ್ ಅಪ್ಪನ ತೋಳು ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

"ನಾನು ಎಂಥವಳಪ್ಪಾ. ಬೀಗರ ಮುಂದೆ ಬಡಾಯಿಗೋಸ್ಕರ ತರಿಸಿದ್ದೀಯ ಅಂತ ಇಷ್ಟು ದಿನ ನಿನ್ನ ಮೇಲೆ ಸಿಟ್ಟಲ್ಲಿದ್ದೆ. ನನ್ನ ಕ್ಷಮಿಸ್ತೀಯಾ?"

ಅಷ್ಟು ಹೊತ್ತು ಹೇಗೋ ಎತ್ತಿಕೊಂಡಿದ್ದ ತಲೆಯನ್ನು ಮೇಷ್ಟ್ರು ಆಗ ತಗ್ಗಿಸಿದರು. ಕ್ಷಮಿಸಿದೆ ಅಂದರು.