ಕಾರ್ಡು ತಿರುಗಿಸುವ ಮೊದಲೇ ಚಿಟ್ಟೆ

ಪರೀಕ್ಷೆ ಎಂದರೆ ನನಗೆ ಯಾವತ್ತೂ ಭಯವಿಲ್ಲ. ಎಸ್ಸೆಸ್ಸೆಲ್ಸಿಯನ್ನೇ ಮೂರು ಸಲ ಬರೆದವನು ನಾನು. ಅಷ್ಟು ಅನುಭವ ನಮ್ಮ ಬೀದಿಯಲ್ಲಿ ಬೇರೆ ಯಾರಿಗಿದೆ? ಆದ್ದರಿಂದ ನಮ್ಮ ಕಾರ್ಖಾನೆಯ ನೋಟೀಸ್ ಬೋರ್ಡಿನಲ್ಲಿ ‘ಸ್ಟೋರ್ ಸೂಪರ್‌ವೈಸರ್ ಹುದ್ದೆಗೆ ಮನೋವೈಜ್ಞಾನಿಕ ಪರೀಕ್ಷೆ ನಡೆಸಲಾಗುವುದು’ ಎಂಬ ಹಾಳೆ ಕಂಡಾಗ ಉಳಿದವರೆಲ್ಲ ತಲೆ ಕೆರೆದುಕೊಂಡರು, ನಾನು ಮೀಸೆ ತಿರುವಿದೆ!

ಕಾರ್ಖಾನೆ ಇರುವುದು ನಂಜನಗೂಡಿನ ಹತ್ತಿರದ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ. ರಟ್ಟಿನ ಪೆಟ್ಟಿಗೆ ಮಾಡುತ್ತೇವೆ. ಹೆಸರು ಬೇಡ, ನಾಳೆಯೂ ಅಲ್ಲಿಗೇ ಹೋಗಬೇಕು. ಆ ಹುದ್ದೆಯ ಮೇಲೆ ನನಗೆ ಆಸೆ ಹುಟ್ಟಿದ್ದು ಸಂಬಳಕ್ಕಲ್ಲ, ಕುರ್ಚಿಗೂ ಅಲ್ಲ. ಹಾಳೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಜನರಲ್ ಶಿಫ್ಟ್, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು, ಭಾನುವಾರ ರಜೆ’ ಎಂದು ಬರೆದಿತ್ತು. ಅದನ್ನು ಓದಿದ್ದೇ ಅರ್ಜಿ ಬರೆದು ಕೊಟ್ಟೆ.

ಯಾಕೆಂದರೆ ನಾನು ಸೆಕೆಂಡ್ ಶಿಫ್ಟಿನವನು. ಮಧ್ಯಾಹ್ನ ಎರಡಕ್ಕೆ ಒಳಗೆ, ರಾತ್ರಿ ಹತ್ತಕ್ಕೆ ಹೊರಗೆ. ನನ್ನ ಹೆಂಡತಿ ನಾಗಮಣಿ ಹೆಮ್ಮಿಗೆಯ ಶಾಲೆಯಲ್ಲಿ ಟೀಚರ್. ನಂಜನಗೂಡಿನ ನಮ್ಮ ಮನೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟು, ತಿ. ನರಸೀಪುರದಲ್ಲಿ ಇನ್ನೊಂದು ಬಸ್ಸು ಹಿಡಿದು ಹೋದವಳು ಮನೆ ಸೇರುವುದು ಸಂಜೆ ಆರೂವರೆಗೆ. ಅವಳು ಹೊರಡುವಾಗ ನನಗೆ ನಿದ್ದೆ, ನಾನು ಬರುವಾಗ ಅವಳಿಗೆ ನಿದ್ದೆ. ನನಗೂ ಬುಧವಾರ ಅಂತ ಒಂದು ರಜೆ ಇತ್ತು. ಲೋಕದ ಜನವೆಲ್ಲ ಮೊಬೈಲಿನಲ್ಲಿ ಬೆರಳಾಡಿಸಿ ಸಾಮಾನು ತರಿಸಿಕೊಳ್ಳಲು ಶುರು ಮಾಡಿದ ಮೇಲೆ ಪೆಟ್ಟಿಗೆಗೆ ಎಲ್ಲಿಲ್ಲದ ಬೇಡಿಕೆ ಬಂದು ಆ ಬುಧವಾರವೂ ಓವರ್‌ಟೈಮ್‌ಗೆ ಹೋಯಿತು. ಭಾನುವಾರ ಬೆಳಿಗ್ಗೆ ಒಂದಷ್ಟು ಹೊತ್ತು ಎದುರಾಗುತ್ತೇವೆ. ಅದು ಬಟ್ಟೆ ಒಗೆಯುವುದಕ್ಕೆ, ಮೈಸೂರಿನ ಹಾಸ್ಟೆಲ್ಲಿನಲ್ಲಿರುವ ಮಗಳಿಗೆ ಫೋನು ಮಾಡುವುದಕ್ಕೆ ಸರಿಹೋಗುತ್ತದೆ. ಸಂಜೆ ಹೊತ್ತು ಎದುರುಬದುರು ಕೂತು ಉಂಡು ಎರಡು ವರ್ಷವಾಗಿತ್ತು.

ಹಾಗಾದರೆ ಸಂಸಾರ ನಡೆಯುವುದು ಹೇಗೆ? ಚೀಟಿಯಲ್ಲಿ! ಅಡುಗೆಮನೆಯ ಉಪ್ಪಿನಕಾಯಿ ಜಾಡಿಯೇ ನಮ್ಮ ಅಂಚೆಪೆಟ್ಟಿಗೆ. ‘ಮುದ್ದೆ ಹಾಟ್‌ಬಾಕ್ಸಿನಲ್ಲಿದೆ, ಉಪ್ಸಾರು ಬಿಸಿ ಮಾಡಿಕೊಳ್ಳಿ’ ಎಂದು ಅವಳು ಜಾಡಿಯ ಕೆಳಗೆ ಇಡುತ್ತಾಳೆ. ‘ಬಿಸಿ ಮಾಡಿಕೊಂಡೆ, ಚೆನ್ನಾಗಿತ್ತು’ ಎಂದು ನಾನು ಇಡುತ್ತೇನೆ. ಕೆಂಪು ಪೆನ್ನು ಸದಾ ಅವಳ ಬ್ಯಾಗಿನಲ್ಲೇ ಇರುವುದರಿಂದ ನನ್ನ ಚೀಟಿಗಳಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಬೀಳುತ್ತದೆ. ‘ಚೆನ್ನಾಗಿತ್ತು’ ಎಂದು ದಿನಾ ಬರೆದದ್ದಕ್ಕೆ ಒಮ್ಮೆ ನಾಲ್ಕು ಕೊಟ್ಟಿದ್ದಳು. ಏನೇ ಅನ್ನಿ, ಆರಿದ ಮುದ್ದೆ ಮುರಿಯುವಾಗ ಅವಳ ಅಕ್ಷರಗಳಿಗಿಂತ ಅವಳ ದನಿ ಬೇಕು ಅನ್ನಿಸುತ್ತಿತ್ತು. ಬೈದರೂ ಪರವಾಗಿಲ್ಲ, ಬಾಯಿಂದ ಬೈಯಲಿ ಅನ್ನಿಸುತ್ತಿತ್ತು.

ನೋಟೀಸು ನೋಡಿದ ದಿನವೇ ಚೀಟಿ ಇಟ್ಟೆ: ‘ಮನೋವೈಜ್ಞಾನಿಕ ಪರೀಕ್ಷೆ ಎಂದರೇನು? ವಿವರಿಸಿ.’

ಮಾರನೆಯ ದಿನ ಜಾಡಿಯ ಕೆಳಗೆ ಉತ್ತರವಿತ್ತು. ‘ಅದರಲ್ಲಿ ಹಲವು ಬಗೆ. ಬುದ್ಧಿಶಕ್ತಿ ಅಳೆಯುವುದು ಒಂದು. ಯಾವ ಕೆಲಸಕ್ಕೆ ಕೈ ಒಗ್ಗುತ್ತದೆ ಎಂದು ನೋಡುವುದು ಒಂದು. ಆಸಕ್ತಿ ಎಲ್ಲಿದೆ ಎಂದು ಹುಡುಕುವುದು, ಸ್ವಭಾವ ತಿಳಿಯುವುದು, ಮನಸ್ಸಿನ ಒಳಗೆ ಏನಿದೆ ಎಂದು ಚಿತ್ರ ತೋರಿಸಿ ಕೇಳುವುದು. ಯಾರು ಮೇಲು, ಯಾರು ಕೀಳು ಎನ್ನುವುದಕ್ಕಲ್ಲ, ಯಾರಿಗೆ ಯಾವ ಜಾಗ ಹೊಂದುತ್ತದೆ ಎಂದು ತಿಳಿಯುವುದಕ್ಕೆ ಇದನ್ನು ಮಾಡುತ್ತಾರೆ. ದಯವಿಟ್ಟು ಓದಿಕೊಂಡು ಹೋಗಬೇಡಿ. ನೀವು ಹೇಗಿದ್ದೀರೋ ಹಾಗೇ ಬರೆಯಿರಿ. ಚಟ್ನಿ ಫ್ರಿಜ್ಜಿನಲ್ಲಿದೆ.’

ಚಟ್ನಿಯ ಮಾತು ಕೇಳಿದೆ, ಉಳಿದದ್ದು ಕೇಳಲಿಲ್ಲ. ನಾನು ಹೇಗಿದ್ದೇನೋ ಹಾಗೇ ಬರೆದದ್ದಕ್ಕಲ್ಲವೇ ಎಸ್ಸೆಸ್ಸೆಲ್ಸಿ ಮೂರು ಸಲ ಆದದ್ದು!

ಆಗ ಕೈ ಹಿಡಿದವನು ಮಾದೇವು. ನನ್ನ ಪಕ್ಕದ ಯಂತ್ರದವನು, ತಾಂಡವಪುರದವನು. ಅವನೂ ಅರ್ಜಿ ಹಾಕಿದ್ದ. ಎಲ್ಲಿಂದಲೋ ಇಂಥದೇ ಪರೀಕ್ಷೆಯ ಪ್ರಶ್ನೋತ್ತರದ ಜೆರಾಕ್ಸ್ ಕೂಡ ಸಂಪಾದಿಸಿದ್ದ.

“ಲೇ ಶಿವಮಲ್ಲು, ತಕೋ ಇದ. ಒಂದೇ ಕಾಪಿ ಇರಾದು.”

“ನಿನಗೆ ಬೇಡವೇನೋ?”

“ನಂಗ್ಯಾಕ್ಲಾ? ನಮ್ಮ ಎಂಗುಸ್ರು ಬಲವಂತಕ್ಕೆ ಅರ್ಜಿ ಆಕಿವ್ನಿ. ಬ್ಯಾಗ ಮನೇಗ್ ಓದ್ರೆ ಅಸೀಗೆ ಮೇವಾಕು, ಕೊಟ್ಟಿಗೆ ಗುಡ್ಸು ಅಂತಾಳೆ. ನಂಗೆ ಸೆಕೆಂಡ್ ಶಿಫ್ಟೇ ಸ್ವರ್ಗ ಕಣ್ಲಾ.” ಆಮೇಲೆ ದನಿ ತಗ್ಗಿಸಿದ. “ನೋಡು, ಒಳ್ಳೇವ್ನು ಅಂತ ಕಾಣುಸ್ಕೋಬೇಕು, ಅಷ್ಟೇಯ. ಇಷ್ಟ ಐತಾ ಅಂದ್ರೆ ಎಲ್ಲದ್ಕೂ ಐತೆ ಅನ್ನು. ಕೊನೇಗೆ ಮಸಿ ಚೆಲ್ಲಿರೋ ಚಿತ್ರ ತೋರುಸ್ತಾರೆ. ಒಂದ್ನೇದು ಚಿಟ್ಟೆ, ಎರಡ್ನೇದು ಇಬ್ರು ಕೈ ಕುಲುಕ್ತಾವ್ರೆ, ಮೂರ್ನೇದು ಬಾವಲಿ. ಮರೀಬ್ಯಾಡ.”

ಮರೆಯುವುದುಂಟೇ? ಹದಿನೈದು ದಿನ ಯಂತ್ರದ ಸದ್ದಿನ ನಡುವೆ ‘ಚಿಟ್ಟೆ, ಕೈಕುಲುಕು, ಬಾವಲಿ’ ಎಂದು ಜಪ ಮಾಡಿದೆ. ಒಂದು ದಿನ ಪೆಟ್ಟಿಗೆಯ ಮೇಲೆ ನಂಬರು ಬರೆಯುವ ಬದಲು ‘ಬಾವಲಿ’ ಎಂದು ಬರೆದುಬಿಟ್ಟೆ. ಲೋಡು ಹೊರಟಾಗಿತ್ತು. ಅದನ್ನು ಬಿಚ್ಚಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ.

ಪರೀಕ್ಷೆ ಬೆಳಿಗ್ಗೆ ಒಂಬತ್ತಕ್ಕೆ. ಮಧ್ಯಾಹ್ನ ಎರಡಕ್ಕೆ ಹೋಗಿ ಅಭ್ಯಾಸವಾದ ದೇಹ ಏಳಲೇ ಇಲ್ಲ! ಇಪ್ಪತ್ತು ನಿಮಿಷ ತಡವಾಗಿ, ಗೇಟಿನಿಂದ ಓಡಿಕೊಂಡು ಹೋಗಿ ಕೂತೆ. ಏಳು ಜನ ಅಭ್ಯರ್ಥಿಗಳಿದ್ದೆವು. ಪರೀಕ್ಷೆ ನಡೆಸಲು ಮೈಸೂರಿನಿಂದ ಬಂದಿದ್ದ ಮೇಡಂ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ನಗುಮುಖ. ಇವರನ್ನು ಗೆಲ್ಲುವುದು ಸುಲಭ ಎಂದುಕೊಂಡೆ.

ಮೊದಲು ಬುದ್ಧಿಶಕ್ತಿ. ಅಂಕಿಗಳ ಸಾಲು, ಬಿಟ್ಟ ಜಾಗಕ್ಕೆ ಸರಿಯಾದ ಚಿತ್ರ. ಪರವಾಗಿಲ್ಲ, ಆಯಿತು. ಎರಡನೆಯದು ಕೈಚುರುಕಿನದು. ನೂರು ತೂತುಗಳ ಹಲಗೆಗೆ ಎರಡೂ ಕೈಯಿಂದ ಕಡ್ಡಿ ತುಂಬಬೇಕು. ಇಷ್ಟು ವರ್ಷ ಪೆಟ್ಟಿಗೆ ಮಡಚಿದ ಕೈ! ಎಲ್ಲರಿಗಿಂತ ಮೊದಲು ಮುಗಿಸಿದೆ. ಸುಮ್ಮನಿರಲಾಗದೆ ಪಕ್ಕದಲ್ಲಿ ತಡವರಿಸುತ್ತಿದ್ದ ಮಾದೇವುವಿನ ಹಲಗೆಯನ್ನೂ ಅರ್ಧ ತುಂಬಿಸಿಬಿಟ್ಟೆ.

“ಸರ್, ಅದು ಅವರ ಪರೀಕ್ಷೆ” ಎಂದರು ಮೇಡಂ.

ಮೂರನೆಯದು ಆಸಕ್ತಿ. ಪಟ್ಟಿಯಲ್ಲಿ ಎಂಬತ್ತು ಕೆಲಸಗಳಿದ್ದವು. ಗುರುವಾಕ್ಯದಂತೆ ಎಂಬತ್ತಕ್ಕೂ ‘ಬಹಳ ಇಷ್ಟ’ ಎಂದು ಗುರುತು ಹಾಕಿದೆ. ಅದರ ಪ್ರಕಾರ ನನಗೆ ಜೇನು ಸಾಕುವುದು, ಹಲ್ಲು ಕೀಳುವುದು, ಭಾಷಣ ಬರೆಯುವುದು, ಮಕ್ಕಳಿಗೆ ಭರತನಾಟ್ಯ ಹೇಳಿಕೊಡುವುದು ಎಲ್ಲವೂ ಸಮನಾಗಿ ಇಷ್ಟ!

ನಾಲ್ಕನೆಯದು ಸ್ವಭಾವ. ‘ನಾನು ಎಂದೂ ಸುಳ್ಳು ಹೇಳಿಲ್ಲ.’ ಹೌದು. ‘ನನಗೆ ಎಂದೂ ಕೋಪ ಬಂದಿಲ್ಲ.’ ಹೌದು. ‘ಇನ್ನೊಬ್ಬರ ಬಗ್ಗೆ ಎಂದೂ ಆಡಿಕೊಂಡಿಲ್ಲ.’ ಹೌದು. ‘ನಾನು ಎಲ್ಲಿಗೂ ಒಮ್ಮೆಯೂ ತಡವಾಗಿ ಹೋದವನಲ್ಲ.’ ಹೌದು, ಹೌದು! ಗೇಟಿನಿಂದ ಓಡಿದ ಬೆವರು ಆಗಿನ್ನೂ ಅಂಗಿಯಲ್ಲಿ ಆರಿರಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ಮಸಿಯ ಚಿತ್ರ ತೋರಿಸಿದರು. ನಾನು ಕೂತೆ. ಮೇಡಂ ಮೊದಲ ಕಾರ್ಡನ್ನು ಬೋರಲಾಗಿ ಮೇಜಿನ ಮೇಲಿಟ್ಟರು. ಹದಿನೈದು ದಿನದ ಜಪ ತಡೆಯಲಾದೀತೇ?

“ಚಿಟ್ಟೆ!” ಎಂದೆ.

ಮೇಡಂ ಪೆನ್ನು ಕೆಳಗಿಟ್ಟರು. “ಸರ್, ಕಾರ್ಡು ಇನ್ನೂ ತಿರುಗಿಸಿಲ್ಲ.”

ತಿರುಗಿಸಿದರು. ಅದು ಯಾವ ದಿಕ್ಕಿನಿಂದ ನೋಡಿದರೂ ಚಿಟ್ಟೆಯಲ್ಲ! ಆದರೂ ಆಡಿದ ಮಾತು ನುಂಗುವುದು ಹೇಗೆ? “ಚಿಟ್ಟೆಯೇ ಮೇಡಂ, ಸ್ವಲ್ಪ ಹುಷಾರಿಲ್ಲ ಅಷ್ಟೇ” ಎಂದೆ.

ಕೊನೆಗೆ ಒಂದು ಹಾಳೆ ಕೊಟ್ಟರು. ಅರ್ಧ ವಾಕ್ಯಗಳನ್ನು ಪೂರ್ತಿ ಮಾಡಬೇಕು. ಇದು ಜೆರಾಕ್ಸಿನಲ್ಲಿ ಇರಲೇ ಇಲ್ಲ! ಹತ್ತೇ ನಿಮಿಷ ಸಮಯ. ಯೋಚಿಸಲು ಪುರುಸೊತ್ತಿಲ್ಲದೆ ಕೈಗೆ ಬಂದದ್ದು ಗೀಚಿದೆ. ‘ಮನೆ ಎಂದರೆ…’ ಎಂಬುದಕ್ಕೆ ‘ಹೂಕುಂಡದ ಕೆಳಗಿನ ಬೀಗದ ಕೈ’ ಎಂದು ಬರೆದೆ. ‘ನನ್ನ ಹೆಂಡತಿಯ…’ ಎಂಬುದಕ್ಕೆ ‘ಕೈಬರಹ ಚೆನ್ನಾಗಿದೆ’ ಎಂದು ಬರೆದೆ. ‘ನನಗೆ ತುಂಬಾ ಆಸೆಯಾಗುವುದು…’ ಎಂಬಲ್ಲಿ ‘ಒಂದು ಸಂಜೆ ಅವಳ ಎದುರು ಕೂತು ಮುದ್ದೆ ಆರುವ ಮೊದಲು ಉಣ್ಣಬೇಕು’ ಎಂದು ಬರೆದು, ಛೆ, ಇದೇನು ಬರೆದೆ ಎಂದು ಹೊಡೆದುಹಾಕುವಷ್ಟರಲ್ಲಿ ಹಾಳೆ ಎಳೆದುಕೊಂಡರು.

ನಾಲ್ಕು ಗಂಟೆಗೆ ಮೇಡಂ ನನ್ನನ್ನು ಕರೆದರು.

“ಶಿವಮಲ್ಲು ಅವರೇ, ಎಂದೂ ಸುಳ್ಳು ಹೇಳಿಲ್ಲ, ಎಂದೂ ತಡ ಮಾಡಿಲ್ಲ, ಇಂಥ ಹತ್ತು ಪ್ರಶ್ನೆ ಬೇಕಂತಲೇ ಸೇರಿಸಿರ್ತೀವಿ. ನೀವು ಹತ್ತಕ್ಕೂ ಹೌದು ಅಂದಿದ್ದೀರಿ.”

“ಹತ್ತಕ್ಕೆ ಹತ್ತಾ ಮೇಡಂ?” ಎಂದೆ. ಜನ್ಮದಲ್ಲಿ ಮೊದಲ ಸಲ!

“ಅದು ಸುಳ್ಳಿನ ಅಂಕ ಸರ್. ಚೆನ್ನಾಗಿ ಕಾಣಿಸ್ಕೊಳ್ಳೋಕೆ ಯಾರು ಎಷ್ಟು ಬಣ್ಣ ಹಚ್ಚಿದ್ದಾರೆ ಅಂತ ಅದ್ರಲ್ಲಿ ಗೊತ್ತಾಗುತ್ತೆ.”

“ಹಾಗಾದ್ರೆ ಫೇಲಾ?”

“ಇದ್ರಲ್ಲಿ ಫೇಲು ಅನ್ನೋದೇ ಇಲ್ಲ. ಆದ್ರೆ ಇದನ್ನ ಬರೆದಿರೋದು ಯಾರು ಅಂತಲೇ ನಂಗೆ ಗೊತ್ತಾಗ್ತಿಲ್ಲ. ಲೆಕ್ಕಕ್ಕೆ ತಗೊಳ್ಳೋಕೆ ಆಗಲ್ಲ.” ಆಮೇಲೆ ಕೊನೆಯ ಹಾಳೆಯ ಮೇಲೆ ಬೆರಳಿಟ್ಟರು. ದನಿ ಮೆತ್ತಗಾಯಿತು. “ಈ ಒಂದು ಹಾಳೇಲಿ ಮಾತ್ರ ನೀವು ಸಿಕ್ಕಿದ್ರಿ. ಕೈ ಚುರುಕಾಗಿದೆ, ಬುದ್ಧೀನೂ ಇದೆ. ಬೆಳಿಗ್ಗೆಯಿಂದ ಹೀಗೇ ಬರೆದಿದ್ರೆ ಈ ಕೆಲಸ ನಿಮ್ದೇ ಆಗ್ತಿತ್ತು ಸರ್.”

ಫೇಲೇ ಇಲ್ಲದ ಪರೀಕ್ಷೆಯಲ್ಲಿ ಫೇಲಾಗಿ ಹೊರಗೆ ಬಂದೆ. ಅಲ್ಲಿ ಮಾದೇವು ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

“ಕೆಟ್ಟೆ ಕಣ್ಲಾ ಶಿವಮಲ್ಲು! ಜೆರಾಕ್ಸ್ ನಿಂಗ್ ಕೊಟ್ಬುಟ್ನಲ್ಲ, ಓದಿದ್ದೆಲ್ಲಾ ಮರ್ತೋಗಿತ್ತು. ಕ್ವಾಪ ಬತ್ತದೆ, ಸುಳ್ಳು ಯೋಳ್ತೀನಿ, ಮನೇಗ್ ಓಗಕ್ಕೆ ಬ್ಯಾಸರ ಅಂತ ಎಲ್ಲಾ ನಿಜಾನೇ ಬರ್ದ್‌ಬುಟ್ಟೆ.”

“ಆಮೇಲೆ?”

“ಕೆಲ್ಸ ನಂಗೇ ಕೊಟ್ಬುಟ್ರು! ಇನ್ನು ದಿನಾ ಆರು ಗಂಟೆಗೆ ಮನೇಲಿರ್ಬೇಕು!”

ಅವನಿಗೆ ಅಳು ಬಂದಿತ್ತು. ನನಗೂ ಬಂದಿತ್ತು. ನಾನು ಬೇಕು ಬೇಕೆಂದು ಹಂಬಲಿಸಿದ ಸಂಜೆಗಳೆಲ್ಲ ಮಾದೇವುವಿನ ಕೊಟ್ಟಿಗೆಗೆ ಹೋದವು.

ಪರೀಕ್ಷೆ ಬರೆದವರಿಗೆ ಅಂದು ಶಿಫ್ಟ್ ಇರಲಿಲ್ಲ. ಕಾಲು ತಾನಾಗಿ ನಂಜನಗೂಡು ಬಸ್ ಸ್ಟ್ಯಾಂಡಿಗೆ ನಡೆಯಿತು. ನರಸೀಪುರದ ಬಸ್ಸಿಗೆ ಕಾಯುತ್ತಾ, ಮದುವೆಗೆ ಮುಂಚೆ ಹೀಗೇ ಕಾಯುತ್ತಿದ್ದದ್ದು ನೆನಪಾಗಿ ಅಂಗಿಯ ಕಾಲರು ಸರಿಮಾಡಿಕೊಂಡೆ. ಬಸ್ಸಿನಿಂದ ಇಳಿದ ನಾಗಮಣಿ ನನ್ನನ್ನು ಕಂಡು ಗಾಬರಿಯಾದಳು.

“ಏನ್ರೀ, ಹುಷಾರಿಲ್ವಾ?”

“ಹುಷಾರಾಗಿದೀನಿ ಕಣೆ. ಹಂಗೇ ಬಂದೆ.”

ಮನೆಗೆ ಹೋದದ್ದೇ ಅವಳು ಕೈಕಾಲು ತೊಳೆದು ಮುದ್ದೆಗೆ ಎಸರಿಟ್ಟಳು. ಕೋಲು ತಿರುವುವ ಸದ್ದು ಕೇಳುತ್ತಾ ಅಡುಗೆಮನೆಯ ಬಾಗಿಲಲ್ಲೇ ಕೂತೆ. ಹಬೆಯಾಡುವ ಮುದ್ದೆ ತಟ್ಟೆಗೆ ಬಂತು, ಉಪ್ಸಾರು ಬಂತು, ಎದುರಿಗೆ ಅವಳೂ ಕೂತಳು.

“ಹೇಗಾಯ್ತು ಪರೀಕ್ಷೆ?”

ಬಾಯಿ ತೆರೆದೆ. ಮಾತೇ ಹೊರಡಲಿಲ್ಲ! ಎದುರಿಗೆ ಹೇಳುವ ಅಭ್ಯಾಸ ಎಲ್ಲಿತ್ತು? ಹಳೆಯ ಚೀಟಿಯೊಂದರ ಹಿಂಬದಿಯಲ್ಲಿ ‘ಕೆಲಸ ಮಾದೇವುಗೆ ಸಿಕ್ಕಿತು’ ಎಂದು ಬರೆದು ಉಪ್ಪಿನಕಾಯಿ ಜಾಡಿಯ ಕೆಳಗೆ ಇಟ್ಟೆ. ಅವಳು ತೆಗೆದು ಓದಿದಳು. ಬ್ಯಾಗಿನಿಂದ ಕೆಂಪು ಪೆನ್ನು ತಂದು ಬರೆದು ಮತ್ತೆ ಜಾಡಿಯ ಕೆಳಗೆ ಇಟ್ಟಳು: ‘ಓದಿಕೊಂಡು ಹೋಗಿದ್ದಿರಾ?’

‘ಹೌದು’ ಎಂದು ಬರೆದೆ.

‘ಇದೊಂದು ನಿಜವಾದ ಉತ್ತರ. ಹತ್ತಕ್ಕೆ ಒಂದು.’

ಆಗ ನಾನು ಬೆಳಗಿನಿಂದ ಆದದ್ದನ್ನೆಲ್ಲ, ಮಾದೇವುವಿನ ಹಲಗೆ, ಭರತನಾಟ್ಯ, ಹುಷಾರಿಲ್ಲದ ಚಿಟ್ಟೆ ಎಲ್ಲವನ್ನೂ ಎರಡು ಚೀಟಿ ತುಂಬ ಬರೆದೆ. ಕೊನೆಯ ಹಾಳೆಯಲ್ಲಿ ಮುದ್ದೆಯ ಬಗ್ಗೆ ಬರೆದದ್ದನ್ನೂ ಬರೆದೆ. ಅವಳು ಓದುತ್ತಾ ನಕ್ಕಳು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. ಕೆಂಪು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು.

“ಇದನ್ನ ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮ್ಗೆ?” ಎಂದಳು. ಎರಡು ವರ್ಷ ನಾನು ಕಾದಿದ್ದ ದನಿ! “ಉಣ್ಣಿ ಮತ್ತೆ.”

ನನ್ನ ಕಣ್ಣು ತುಂಬಿತು. ಹೂಂ ಎಂದು ತಟ್ಟೆಗೆ ಕೈ ಹಾಕಿದೆ. ಮುದ್ದೆ ಆರಿ ಗಟ್ಟಿಯಾಗಿತ್ತು! ಎರಡು ವರ್ಷ ಹಂಬಲಿಸಿದ ಬಿಸಿ ಮುದ್ದೆಯನ್ನೂ ಹೆಂಡತಿಯನ್ನೂ ಎದುರಿಗಿಟ್ಟುಕೊಂಡು ಚೀಟಿ ಬರೆಯುತ್ತಾ ಕೂತವನಿಗೆ ಸೆಕೆಂಡ್ ಶಿಫ್ಟೇ ಹೊಂದುತ್ತದೆ ಎಂದು ತಿಳಿಯಲು ಪರೀಕ್ಷೆಯೇ ಬೇಕಿರಲಿಲ್ಲ.